ಎರೆನಾಡಿನಲ್ಲಿ ಮನೋರಂಜಿನಿ

ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳ ಸಾಲು ನಿಂತಿದೆ. ರೋಣದ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಊರಿಗಿಂತ ಮೊದಲು ಅವೇ ಕಣ್ಣಿಗೆ ಬೀಳುತ್ತವೆ. ಕಂಪನಿಯವರು ಯಂತ್ರ ಇಟ್ಟು ಗಾಳಿಯನ್ನು ಅಳೆದದ್ದು ಈಚಿನ ಮಾತು. ನಮ್ಮ ಹಿರಿಯರು ಆ ಗಾಳಿಯನ್ನು ಮೈಮೇಲೆ ಹೊತ್ತು ಬಾಳಿದವರು. ಕಾರಹುಣ್ಣಿಮೆ ಮುಗಿದು ಆಷಾಢ ಹಿಡಿಯಿತೆಂದರೆ ಪಡುವಣ ಗಾಳಿ ಹಗಲು ರಾತ್ರಿ ಎನ್ನದೆ ಬೀಸುತ್ತದೆ. ಮೋಡಗಳು ನಮ್ಮ ತಲೆಯ ಮೇಲೆ ನಿಲ್ಲುವುದಿಲ್ಲ, ಎಲ್ಲಿಯೋ ಕರೆ ಬಂದವರ ಹಾಗೆ ಮೂಡಣಕ್ಕೆ ಓಡುತ್ತವೆ. ಇನ್ನು ಚೈತ್ರ ವೈಶಾಖದಲ್ಲಿ ಬೀಸುವುದು ಬೇರೆಯೇ ಗಾಳಿ. ನರಗುಂದ, ರೋಣಗಳ ಎರೆಹೊಲಗಳಲ್ಲಿ ಕಡಲೆ, ಬಿಳಿಜೋಳ, ಕುಸುಬೆ ಎಲ್ಲ ಒಕ್ಕಣೆಯಾಗಿ ನೆಲ ಬರಿದಾಗಿರುತ್ತದೆ. ಆ ಬಟಾಬಯಲಿನ ಮೇಲೆ ಹಾದು ಬರುವ ಗಾಳಿಯನ್ನು ತಡೆಯಲು ಒಂದು ಮರವೂ ಇರುವುದಿಲ್ಲ. ಒಣಹಾಕಿದ ಸೀರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗರಿಗರಿಯಾಗುತ್ತದೆ. ಗಿಡದ ಎಲೆಗೂ ಅದೇ ಗತಿ.

ಇಂಥ ನಾಡಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಎಲೆ ಉದುರಿಸದ, ತೇವದ ಕಾಡಿನ ನೆರಳಿನಲ್ಲಿ ಹುಟ್ಟಿಬಂದ ಗಿಡವೊಂದನ್ನು ಬೆಳೆಸಬಹುದೆ? ಬೆಳೆಸಬಹುದು. ನಮ್ಮ ಹಿತ್ತಲಿನಲ್ಲಿ ಅಂಥದೊಂದು ಇದೆ. ಅದರ ಹೆಸರು ಮನೋರಂಜಿನಿ. ಹಸಿರು ಸಂಪಿಗೆ ಎಂದು ಕರೆಯುವವರೂ ಇದ್ದಾರೆ. ಮರಾಠಿಯವರ ಹಿರವಾ ಚಾಫಾ ಕೂಡ ಇದೇ. ಆದರೆ ಸಂಪಿಗೆಗೂ ಇದಕ್ಕೂ ನೆಂಟಸ್ತಿಕೆ ದೂರದ್ದು. ಇದು ಸೀತಾಫಲದ ಕುಲಕ್ಕೆ ಸೇರಿದ್ದು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇದು ಅಪರೂಪದ್ದೇನಲ್ಲ. ಗದಗ ಜಿಲ್ಲೆಯ ಗಜೇಂದ್ರಗಡ, ರೋಣ, ನರಗುಂದ ಈ ಮೂರು ತಾಲೂಕುಗಳಲ್ಲಿ ಮಾತ್ರ, ನಾನು ಕಂಡಂತೆ, ತೀರಾ ಅಪರೂಪ. ನಮ್ಮ ಗಿಡ ಬಂದದ್ದು ಶಿರಸಿಯ ಬೀಗರ ಮನೆಯಿಂದ, ತೇವದ ಗೋಣಿಚೀಲ ಸುತ್ತಿಕೊಂಡು, ಬಸ್ಸಿನಲ್ಲಿ ನನ್ನ ಹೆಂಡತಿಯ ತೊಡೆಯ ಮೇಲೆ.

ಗಿಡ ಬಂದ ದಿನ ಅದನ್ನು ಎಲ್ಲಿ ನೆಡಬೇಕೆಂಬ ಚರ್ಚೆಯೇ ಆಗಲಿಲ್ಲ. ಅವ್ವ ಪಡಸಾಲೆಯಲ್ಲಿ ಕುಳಿತಲ್ಲಿಂದಲೇ, "ಪಡುವಲ ಗ್ವಾಡಿ ಮಗ್ಗಲಕ ಹಚ್ಚ್ರಿ. ಗಾಳಿನೂ ತಟ್ಟಾಂಗಿಲ್ಲ, ಸಂಜೀ ಬಿಸಲೂ ಬೀಳಾಂಗಿಲ್ಲ" ಎಂದಳು. ತೋಟಗಾರಿಕೆಯ ಪುಸ್ತಕ ಓದಿದವಳಲ್ಲ ಅವಳು. ಆದರೆ ಆ ಮಾತಿಗೆ ನಾನು ಇಂದಿಗೂ ಏನನ್ನೂ ಸೇರಿಸಲಾರೆ. ನಮ್ಮ ಭಾಗದಲ್ಲಿ ಗಿಡವನ್ನು ಕೊಲ್ಲುವವು ಎರಡು: ಆಷಾಢದ ಗಾಳಿ ಮತ್ತು ಬೇಸಿಗೆಯ ಇಳಿಹೊತ್ತಿನ ಬಿಸಿಲು. ಎರಡೂ ಪಡುವಣ ದಿಕ್ಕಿನಿಂದಲೇ ಬರುತ್ತವೆ. ಒಂದು ಎತ್ತರದ ಪಡುವಲ ಗೋಡೆ ಎರಡನ್ನೂ ತಡೆಯುತ್ತದೆ. ಮೂಡಣದ ಎಳೆಬಿಸಿಲು ಎರಡು ಮೂರು ತಾಸು ಬಿದ್ದರೆ ಮನೋರಂಜಿನಿಗೆ ಸಾಕು.

ನಮ್ಮ ಕಡೆಯ ಹಳೆಯ ಮನೆಗಳನ್ನು ಕಟ್ಟಿದವರು ಮೊದಲು ಎಣಿಸಿದ್ದು ಇದನ್ನೇ ಇರಬೇಕು. ಮೊಳಗಟ್ಟಲೆ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೀದಿಯ ಕಡೆ ಕಿಟಕಿಗಳೇ ಇಲ್ಲವೆನ್ನುವಷ್ಟು ಕಡಿಮೆ, ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಒಳಗೆ ಕಾಲಿಟ್ಟರೆ ಮೇ ತಿಂಗಳಲ್ಲೂ ತಂಪು. ಮನೆಯ ಹಿಂದೆ ಆಳೆತ್ತರದ ಗೋಡೆ ಸುತ್ತುವರಿದ ಹಿತ್ತಲು. ಅಲ್ಲೊಂದು ಕರಿಬೇವು, ಒಂದು ನುಗ್ಗೆ, ಬಚ್ಚಲ ನೀರು ಹರಿಯುವಲ್ಲಿ ಎರಡು ಬಾಳೆ, ತುಳಸಿಕಟ್ಟೆ, ಪೂಜೆಗೆ ದಾಸವಾಳ. ಹೊರಗಿನಿಂದ ನೋಡಿದವರು ಈ ಮನೆಗಳಿಗೆ ಮುಖವೇ ಇಲ್ಲ ಎನ್ನುತ್ತಾರೆ. ಮುಖ ಒಳಗಿದೆ. ಗಾಳಿ, ಧೂಳು, ಬಿಸಿಲುಗಳಿಗೆ ಬೆನ್ನು ಕೊಟ್ಟು ಮನೆ ತನ್ನೊಳಗೆ ತಾನು ತೆರೆದುಕೊಂಡಿರುತ್ತದೆ.

ಗುಡ್ಡ ಕೂಡ ಹೀಗೆ ಮಾಡುತ್ತದೆ. ಗಜೇಂದ್ರಗಡದಿಂದ ಸ್ವಲ್ಪ ದೂರದಲ್ಲಿರುವ ಕಾಲಕಾಲೇಶ್ವರನ ಗುಡಿಗೆ ಹೋದವರಿಗೆ ಗೊತ್ತು. ಮೆಟ್ಟಿಲು ಹತ್ತುವಾಗ ಬೆನ್ನ ಮೇಲೆ ಬಿಸಿಲು ಸುರಿಯುತ್ತಿರುತ್ತದೆ. ಬಂಡೆಯ ಮರೆಗೆ ಹೋದೊಡನೆ ಹವೆಯೇ ಬದಲಾಗುತ್ತದೆ. ಅಲ್ಲಿಯ ಅಂತರಗಂಗೆ ಬೇಸಿಗೆಯಲ್ಲೂ ಬತ್ತದೆ ಜಿನುಗುತ್ತದೆ. ಕಲ್ಲು ಸುಡುವ ದಿನಗಳಲ್ಲೂ ಆ ಮರೆಯಲ್ಲಿ ಹಸಿರು ಇರುತ್ತದೆ. ಸೂಡಿಯ ನಾಗಕುಂಡದಲ್ಲೂ ನನಗೆ ಇದೇ ಅನುಭವ. ಕಲ್ಯಾಣದ ಚಾಲುಕ್ಯರ ಕಾಲದ ಆ ಕಲ್ಲಿನ ಹೊಂಡದ ಮೆಟ್ಟಿಲುಗಳನ್ನು ಇಳಿಯುತ್ತ ಹೋದಂತೆ ಮೇಲಿನ ಗಾಳಿಯ ಸದ್ದು ಕಡಿಮೆಯಾಗುತ್ತ ಬರುತ್ತದೆ. ಬಯಲುಸೀಮೆಯ ಜನ ತಂಪನ್ನು ಹುಡುಕಿದ್ದು ಮೇಲೆ ಅಲ್ಲ, ಒಳಗೆ ಮತ್ತು ಕೆಳಗೆ. ಹಿತ್ತಲಿನ ಗೋಡೆಯ ಮಗ್ಗುಲು ಎಂದರೆ ಆ ಬಂಡೆಯ ಮರೆಯನ್ನು ಮನುಷ್ಯರು ಕೈಯಾರೆ ಕಟ್ಟಿಕೊಂಡದ್ದು.

ಮರೆ ಸಿಕ್ಕಿತು, ಇನ್ನು ಮಣ್ಣು. ಈ ವಿಷಯದಲ್ಲಿ ಮೂರೂ ಊರುಗಳು ಒಂದೇ ಅಲ್ಲ. ನರಗುಂದದ್ದು ಅಚ್ಚ ಎರೆ. ರೋಣದ್ದೂ ಬಹುಮಟ್ಟಿಗೆ ಅದೇ. ಗಜೇಂದ್ರಗಡದಲ್ಲಿ ಗುಡ್ಡದ ಬುಡದಲ್ಲಿ ಕೆಂಪು ಮಸಾರಿ ಮತ್ತು ಗರಸು ಸಿಗುತ್ತವೆ. ಎರೆ ಜೋಳಕ್ಕೆ, ಕಡಲೆಗೆ, ಹತ್ತಿಗೆ ತಾಯಿ. ಮಳೆಗಾಲದಲ್ಲಿ ಕುಡಿದ ನೀರನ್ನು ಒಡಲಲ್ಲಿ ಇಟ್ಟುಕೊಂಡು ಹಿಂಗಾರಿ ಬೆಳೆಯನ್ನು ಬರಿಯ ಇಬ್ಬನಿ, ಚಳಿಯ ಮೇಲೆ ದಡ ಮುಟ್ಟಿಸುವ ನೆಲ ಅದು. ಆದರೆ ತೇವದ ಕಾಡಿನ ಈ ಗಿಡಕ್ಕೆ ಅದು ಒಗ್ಗುವುದಿಲ್ಲ. ಮಳೆ ಹಿಡಿದರೆ ಎರೆ ಉಬ್ಬಿ ಅಂಟಾಗಿ, ಬೇರಿಗೆ ಗಾಳಿ ಆಡದಂತೆ ಮಾಡುತ್ತದೆ. ಬೇಸಿಗೆಯಲ್ಲಿ ಬಿರಿದಾಗ ಕೈ ತೂರುವಷ್ಟು ಅಗಲದ ಬಿರುಕುಗಳು ಬಿಟ್ಟು ಎಳೆಬೇರುಗಳನ್ನು ಹರಿದುಹಾಕುತ್ತವೆ. ಮೇಲಾಗಿ ಅದರಲ್ಲಿ ಸುಣ್ಣದ ಅಂಶ ಹೆಚ್ಚು, ಕ್ಷಾರ ಹೆಚ್ಚು. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಅದು ಕಬ್ಬಿಣದ ಹಸಿವು ಎಂದು ತಿಳಿಯಬೇಕು, ರೋಗವೆಂದು ಔಷಧ ಹೊಡೆಯಬಾರದು.

ಇದಕ್ಕೆ ದಾರಿ ಒಂದೇ. ಮೂರಡಿ ಉದ್ದ, ಮೂರಡಿ ಅಗಲ, ಅಷ್ಟೇ ಆಳದ ಗುಂಡಿ ತೆಗೆದು ಎರೆಯನ್ನೆಲ್ಲ ಹೊರಗೆ ಹಾಕಬೇಕು. ತಳಕ್ಕೆ ಒಡೆದ ಹಂಚು, ಹೆಂಟೆಗಲ್ಲು. ಅದರ ಮೇಲೆ ಮಸಾರಿ ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಣಗಿದ ಎಲೆಯ ಕಸ. ಮೇಲೆ ಬುಡದ ಸುತ್ತ ಶೇಂಗಾ ಹೊಟ್ಟು ನಾಲ್ಕು ಬೆರಳು ದಪ್ಪ. ಶೇಂಗಾ ಹೊಟ್ಟಿಗೆ ನಮ್ಮಲ್ಲಿ ಬರ ಇಲ್ಲ. ಅದು ನೆಲದ ತೇವ ಆರದಂತೆ ನೋಡಿಕೊಳ್ಳುತ್ತದೆ, ಕೊಳೆತು ಮಣ್ಣನ್ನು ಸಡಿಲವಾಗಿಸುತ್ತದೆ. ಕಾಡಿನಲ್ಲಿ ಮನೋರಂಜಿನಿಯ ಬುಡಕ್ಕೆ ತರಗೆಲೆ ಬಿದ್ದು ಹಾಸಿಗೆಯಾಗುತ್ತದೆ. ಇಲ್ಲಿ ಆ ಕೆಲಸವನ್ನು ನಾವು ಮಾಡಬೇಕು.

ನೀರಿನ ಮಾತು ಬಂದರೆ ನಮ್ಮ ಭಾಗದವರು ಸುಮ್ಮನೆ ಮಾತಾಡಿ ಮುಗಿಸುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯ ನಾಡು ಇದು, ಅದೂ ನಂಬುವ ಹಾಗಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತಂದಾಗ ನರಗುಂದದ ರೈತರು ದೊಡ್ಡ ಆಸೆ ಇಟ್ಟುಕೊಂಡಿದ್ದರು. ನೀರು ಸರಿಯಾಗಿ ಬಾರದ ಹೊಲಗಳಿಗೂ ಕರ ಬಂದಾಗ ಎದ್ದು ನಿಂತರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ನಡೆಯಿತು, ಎರಡೂ ಕಡೆ ಜೀವಗಳು ಹೋದವು, ಕರ್ನಾಟಕದ ರೈತ ಚಳವಳಿಯ ದಿಕ್ಕು ಅಲ್ಲಿಂದ ಬದಲಾಯಿತು. ಇಂದಿಗೂ ಆ ದಿನ ಹುತಾತ್ಮ ರೈತನ ವೀರಗಲ್ಲಿನ ಮುಂದೆ ಜನ ಸೇರುತ್ತಾರೆ. 2015ರಲ್ಲಿ ಮಹದಾಯಿ ನದಿಯ ನೀರಿಗಾಗಿ ಧರಣಿ ಶುರುವಾದದ್ದೂ ಅದೇ ನರಗುಂದದಲ್ಲಿ, ಅದೇ ಜುಲೈ ತಿಂಗಳಲ್ಲಿ. ಹೀಗಿರುವಾಗ ಹೂವಿನ ಗಿಡಕ್ಕೆಂದು ಕುಡಿಯುವ ನೀರು ಸುರಿಯುವುದನ್ನು ನಾನು ಒಪ್ಪಲಾರೆ. ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಣ್ಣುಮಗಳ ಕಣ್ಣೆದುರಿಗೆ ಹಿತ್ತಲಿಗೆ ಪೈಪು ಬಿಡಬಾರದು.

ಬೋರಿನ ನೀರು ಕೊಟ್ಟರಾಯಿತಲ್ಲ ಎಂದರೆ ಅದೂ ಆಗದು. ನಮ್ಮಲ್ಲಿ ಬಹಳ ಕಡೆ ಬೋರಿನ ನೀರು ಉಪ್ಪು. ಎರೆಯ ಮೇಲೆ ಅದನ್ನೇ ಹಾಯಿಸುತ್ತ ಹೋದರೆ ನೆಲ ಸವಳಾಗುತ್ತದೆ. ಮನೋರಂಜಿನಿಯ ಎಲೆಯ ಅಂಚು ಸುಟ್ಟಂತಾಗುವುದು ಇದರಿಂದಲೇ. ನಮಗೆ ದಕ್ಕಿದ್ದು ಎರಡು ನೀರು. ಒಂದು, ಮಾಳಿಗೆಯ ಮೇಲೆ ಬಿದ್ದು ಹರನಾಳಿಗೆಯಿಂದ ಧುಮುಕುವ ಮಳೆನೀರು. ಅದರ ಕೆಳಗೆ ಅಜ್ಜನ ಕಾಲದ ಕಲ್ಲಿನ ಬಾನಿ ಇದೆ, ಈಗ ಪಕ್ಕದಲ್ಲೊಂದು ಸಿಮೆಂಟಿನ ಟಾಕಿಯನ್ನೂ ಕಟ್ಟಿಸಿದ್ದೇವೆ. ಎರಡು, ಅಕ್ಕಿ ಬೇಳೆ ಕಾಯಿಪಲ್ಯೆ ತೊಳೆದ ನೀರು. ಸಾಬೂನಿನ ಬಚ್ಚಲ ನೀರು ಬಾಳೆಗೆ ಸರಿ, ಈ ಗಿಡಕ್ಕೆ ಬೇಡ. ಅಡುಗೆಮನೆಯಲ್ಲಿ ದಿನಕ್ಕೆ ಎಷ್ಟು ಒಳ್ಳೆಯ ನೀರು ಮೋರಿ ಪಾಲಾಗುತ್ತದೆಂಬುದು ಒಂದು ಬಕೆಟ್ ಇಟ್ಟು ನೋಡಿದವರಿಗೆ ತಿಳಿಯುತ್ತದೆ.

ನಿತ್ಯಹಸಿರು ಎಂಬ ಮಾತನ್ನು ನಾವು ಬಹಳ ಹಗುರವಾಗಿ ಆಡುತ್ತೇವೆ. ನಮ್ಮ ನಾಡಿನ ಮರಗಳು ಎಲೆ ಉದುರಿಸುವುದು ಸೋತು ಅಲ್ಲ, ಲೆಕ್ಕ ಹಾಕಿ. ನೀರು ಇಲ್ಲದ ಕಾಲಕ್ಕೆ ನೀರು ಬಿಡುವ ಎಲೆ ಯಾಕೆಂದು ಕಳಚಿಡುತ್ತವೆ. ಕಲ್ಲುಗುಡ್ಡಗಳಲ್ಲಿ ತಾನೇ ತಾನಾಗಿ ಬೆಳೆಯುವ ಸೀತಾಫಲವನ್ನೇ ನೋಡಿ. ಮಾಘ ಕಳೆಯುವಷ್ಟರಲ್ಲಿ ಬೋಳಾಗಿ ನಿಂತು, ಮಳೆಯ ವಾಸನೆ ಬಂದ ಮೇಲೆ ಚಿಗುರುತ್ತದೆ. ಅಮೆರಿಕ ಖಂಡದಿಂದ ಬಂದ ಈ ಗಿಡ ನಮ್ಮ ಬರಗಾಲವನ್ನು ಓದಿಕೊಂಡುಬಿಟ್ಟಿದೆ. ಅದರ ದಾಯಾದಿಯಾದ ಮನೋರಂಜಿನಿ, ಇದೇ ದಕ್ಷಿಣ ಭಾರತದ ಮಗಳಾಗಿಯೂ, ಅದನ್ನು ಕಲಿತಿಲ್ಲ. ಬ್ಯಾಂಕು, ಕಚೇರಿಗಳ ಮುಂದೆ ಕಂಬದ ಹಾಗೆ ನಿಲ್ಲಿಸುತ್ತಾರಲ್ಲ, ಆ ಅಶೋಕವೂ ಇದೇ ಕುಲದ್ದು. ಅದು ಎಂಥ ಧೂಳಿಗೂ ಜಗ್ಗದು. ಗುಡ್ಡದ ಮೇಲಿನ ಬಂದರಿಕೆಯಂತೂ ನಿತ್ಯಹಸಿರಾಗಿದ್ದೂ ಯಾರ ಹಂಗಿಗೂ ಬೀಳದ್ದು. ಎಲೆಯ ಮೇಲೆ ತಾನೇ ಅಂಟು ಬಳಿದುಕೊಂಡು ತೇವ ಉಳಿಸಿಕೊಳ್ಳುತ್ತದೆ, ಆಡು ಕೂಡ ಬಾಯಿ ಹಾಕಲು ಹಿಂದೆ ಮುಂದೆ ನೋಡುತ್ತದೆ. ಈ ಮೂವರ ನಡುವೆ ಮನೋರಂಜಿನಿ ಒಂದೇ ಮನುಷ್ಯರ ಕೈ ಕೇಳುವಂಥದು. ಏಪ್ರಿಲ್ ತಿಂಗಳಲ್ಲೂ ಅದು ಎಲೆ ಹೊತ್ತೇ ನಿಂತಿರುತ್ತದೆ, ನೀರು ಕೇಳುತ್ತಲೇ ಇರುತ್ತದೆ. ಅದನ್ನು ನೆಟ್ಟವರು ಬೇಸಿಗೆಯಲ್ಲಿ ಊರು ಬಿಟ್ಟು ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು.

ಇಷ್ಟು ಮಾಡಿದ್ದಕ್ಕೆ ಅದು ಕೊಡುವುದೇನು? ಹೂವು. ಆದರೆ ಅದು ಕಣ್ಣಿಗೆ ಕಾಣುವ ಹೂವಲ್ಲ. ಕಡು ಹಸಿರು ಹೊಳಪಿನ ಉದ್ದನೆಯ ಎಲೆಗಳ ನಡುವೆ, ಅದೇ ಹಸಿರಿನಲ್ಲಿ, ಕೆಳಮುಖವಾಗಿ ತೂಗುತ್ತಿರುತ್ತದೆ. ಮೂರು ಹೊರಗೆ, ಮೂರು ಒಳಗೆ, ಆರು ದಪ್ಪ ಎಸಳು. ಹಸಿರಿರುವಾಗ ವಾಸನೆ ಹೆಚ್ಚಿಲ್ಲ. ಹಳದಿಗೆ ತಿರುಗುವಾಗ ಪರಿಮಳ ಒಮ್ಮೆಲೇ ಏಳುತ್ತದೆ. ಅದು ಮಲ್ಲಿಗೆಯ, ಸಂಪಿಗೆಯ ಜಾತಿಯ ಪರಿಮಳ ಅಲ್ಲವೇ ಅಲ್ಲ, ಮಾಗಿದ ಹಣ್ಣಿನದು. ಯಾವ ಹಣ್ಣಿನದೆಂದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಪಕ್ಕದ ಮನೆಯ ಅಕ್ಕಾರು ಒಂದು ಸಂಜೆ ಬಾಗಿಲಲ್ಲೇ ನಿಂತು, "ಏನ್ರೀ, ಹಲಸಿನ ಹಣ್ಣ ತಂದೀರೇನು? ಓಣಿ ತುಂಬ ವಾಸನಿ ಹೊಡ್ಯಾಕತ್ತೈತಿ" ಎಂದರು. ನನ್ನ ತಂಗಿಗೆ ಅದು ಅನಾನಸು. ಅವ್ವನಿಗೆ ಬಾಳೆಹಣ್ಣು. ಮನಸ್ಸಿನಲ್ಲಿ ಯಾವ ಹಣ್ಣನ್ನು ನೆನೆಯುತ್ತೀರೋ ಆ ವಾಸನೆ ಬರುತ್ತದೆ ಎಂಬ ನಂಬಿಕೆ ದಕ್ಷಿಣದಲ್ಲೆಲ್ಲ ಇದೆ. ಹಣ್ಣಿನ ವಾಸನೆಯ ಉದ್ದೇಶ ಮಾತ್ರ ನಮ್ಮನ್ನು ರಂಜಿಸುವುದಲ್ಲ. ಸೀತಾಫಲದ ಕುಲದ ಹೂಗಳಿಗೆ ಪರಾಗ ಹೊತ್ತು ತರುವವು ಬಹುಮಟ್ಟಿಗೆ ಸಣ್ಣ ಸಣ್ಣ ಜೀರುಂಡೆಗಳು. ಅವನ್ನು ಕರೆಯುವ ವಾಸನೆ ಇದು. ಹೂವಿನ ಹೆಣ್ಣುಭಾಗ ಮೊದಲು ಪಕ್ವವಾಗಿ, ಗಂಡುಭಾಗ ಆಮೇಲೆ ಪರಾಗ ಬಿಡುತ್ತದೆ. ತನ್ನ ಪರಾಗ ತನಗೇ ಬೀಳದಂತೆ ಮಾಡಿಕೊಂಡ ಏರ್ಪಾಡು.

ಹೂವಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ತೊಟ್ಟು. ಹೂವು ತೂಗುವ ತೊಟ್ಟು ಬಾಗಿ ಗಟ್ಟಿ ಕೊಕ್ಕೆಯಾಗಿರುತ್ತದೆ. ಪಕ್ಕದ ಟೊಂಗೆ, ತಂತಿ, ಬಿದಿರಿನ ಗಳ, ಏನು ಸಿಕ್ಕರೂ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಮರದಂತೆ ಬಲಿಯುತ್ತದೆ. ಹೂವು ಬಿಡುವ ಅಂಗವೇ ಗಿಡವನ್ನು ಮೇಲಕ್ಕೆ ಏರಿಸುವ ಅಂಗವೂ ಆಗಿರುವುದು ಗಿಡಗಳಲ್ಲಿ ಅಪರೂಪ. ಚೀನೀಯರು ಇದನ್ನು ಹದ್ದಿನ ಉಗುರಿಗೆ ಹೋಲಿಸಿ ಹೆಸರಿಟ್ಟಿದ್ದಾರೆ. ಹಾಗೆಯೇ ಬಿಟ್ಟರೆ ಮನೋರಂಜಿನಿ ಬಳ್ಳಿಯಾಗಿ ಗೋಡೆ ದಾಟುತ್ತದೆ, ದಾಟಿದ ತುದಿಯನ್ನು ಗಾಳಿ ಸುಟ್ಟುಬಿಡುತ್ತದೆ. ಅದಕ್ಕೇ ಮಳೆಗಾಲ ಮುಗಿದೊಡನೆ ಕತ್ತರಿಸಿ ಗೋಡೆಯ ಎತ್ತರದೊಳಗೆ ಪೊದೆಯಾಗಿ ಇಟ್ಟುಕೊಳ್ಳುವುದು ನಮ್ಮ ಕಡೆಗೆ ಲೇಸು. ಕತ್ತರಿಸುವಾಗ ಮೈಕೈ ಜೋಪಾನ, ಹಳೆಯ ಟೊಂಗೆಗಳಲ್ಲಿ ಮುಳ್ಳಿವೆ.

ಇದರ ಬೇರಿನ ಕತೆ ಇನ್ನೂ ದೂರ ಹೋಗುತ್ತದೆ. ಚೀನಾದಲ್ಲಿ ಮಲೇರಿಯಾಕ್ಕೆ ಈ ಬೇರನ್ನು ಮನೆಮದ್ದಾಗಿ ಬಳಸುತ್ತಿದ್ದರು. 1979ರಲ್ಲಿ ಅಲ್ಲಿಯ ರಸಾಯನ ವಿಜ್ಞಾನಿಗಳು ಬೇರಿನಿಂದ ಯಿಂಗ್‌ಝಾವೋಸು ಎಂಬ ವಸ್ತುವನ್ನು ಬೇರ್ಪಡಿಸಿದರು. ಇಂದು ಜಗತ್ತೆಲ್ಲ ಮಲೇರಿಯಾಕ್ಕೆ ಬಳಸುವ ಆರ್ಟಿಮಿಸಿನಿನ್ನಂತೆ ಇದೂ ಪೆರಾಕ್ಸೈಡ್ ವರ್ಗದ್ದೇ. ಔಷಧವಾಗಿ ಅಂಗಡಿಗೆ ಬಂದದ್ದು ಆರ್ಟಿಮಿಸಿನಿನ್, ಮನೋರಂಜಿನಿಯ ವಸ್ತು ಪ್ರಯೋಗಶಾಲೆಯಲ್ಲಿ ಉಳಿಯಿತು. ಈ ಗಿಡಕ್ಕೆ ಮೊದಲು ಶಾಸ್ತ್ರೀಯ ಹೆಸರಿಟ್ಟವನು ಸಸ್ಯವಿಜ್ಞಾನಿ ಲಿನಿಯಸ್‌ನ ಮಗ, ಸೀತಾಫಲದ ಗುಂಪಿನಲ್ಲೇ ಸೇರಿಸಿ. ಇಂದು ಬಳಕೆಯಲ್ಲಿರುವ ಆರ್ಟಾಬಾಟ್ರಿಸ್ ಹೆಕ್ಸಾಪೆಟಾಲಸ್ ಎಂಬ ಹೆಸರನ್ನು ನಿಶ್ಚಯಿಸಿದವರು ಭಂಡಾರಿ ಎಂಬ ಭಾರತೀಯ ಸಸ್ಯವಿಜ್ಞಾನಿ, ರಾಜಸ್ಥಾನದ ಮರುಭೂಮಿಯ ಸಸ್ಯಗಳ ಮೇಲೆ ದೊಡ್ಡ ಗ್ರಂಥ ಬರೆದವರು. ಮರಳುನಾಡಿನ ಗಿಡಗಳನ್ನು ಬಲ್ಲವರೊಬ್ಬರು ಈ ತಂಪುನೆರಳಿನ ಗಿಡಕ್ಕೂ ಹೆಸರು ಕೊಟ್ಟದ್ದು ಒಣನಾಡಿನವನಾದ ನನಗೆ ಖುಷಿಯ ಸಂಗತಿ.

ಓಣಿಯ ಹಿರಿಯರಿಗೆ ಒಂದೇ ಆತಂಕ. "ಹಾವು ಬರ್ತಾವ್ರೀ, ಈ ವಾಸನಿಗೆ." ಕೇದಗೆಗೂ ಸಂಪಿಗೆಗೂ ಇದೇ ಮಾತು ಇದೆ. ಹಾವಿಗೆ ಹೂವಿನ ಪರಿಮಳದ ಗೊಡವೆ ಇಲ್ಲ. ದಟ್ಟ ಪೊದೆ, ತೇವದ ನೆಲ, ತರಗೆಲೆ ಇದ್ದರೆ ಕಪ್ಪೆ, ಹಲ್ಲಿ, ಇಲಿ ಬರುತ್ತವೆ, ಅವುಗಳ ಹಿಂದೆ ಅದು ಬರಬಹುದು. ಹಾಗಾಗಿ ಹಿರಿಯರ ಎಚ್ಚರಿಕೆಯನ್ನು ತಳ್ಳಿಹಾಕಬಾರದು. ಬುಡದಿಂದ ಒಂದು ಮೊಳ ಎತ್ತರದವರೆಗೆ ಟೊಂಗೆ ಸವರಿ ನೆಲ ಕಾಣುವಂತೆ ಇಟ್ಟುಕೊಂಡರೆ ಆಯಿತು. ಪಂಚಮಿಯಂದು ಕಲ್ಲನಾಗರಕ್ಕೆ ಹಾಲೆರೆದು, ಉಂಡಿ ಹಂಚಿ, ಜೋಕಾಲಿ ಜೀಕುವ ಜನ ನಾವು. ಅದೇ ದಿನಗಳಲ್ಲಿ ಮನೋರಂಜಿನಿ ಮೈತುಂಬ ಹೂ ಬಿಡುತ್ತದೆ. ಪಂಚಮಿಗೆ ನರಗುಂದದಿಂದ ತವರಿಗೆ ಬರುವ ನನ್ನ ತಂಗಿ ಹೋಗುವಾಗ ನಾಲ್ಕು ಹೂವು ಕಟ್ಟಿಕೊಂಡು ಹೋಗುತ್ತಾಳೆ. ಮುಡಿಯುವುದಕ್ಕಲ್ಲ, ಟ್ರಂಕಿನಲ್ಲಿ ಇಳಕಲ್ ಸೀರೆಗಳ ನಡುವೆ ಇಡುವುದಕ್ಕೆ. ಒಣಗಿದ ಮೇಲೂ ಸ್ವಲ್ಪ ದಿನ ಘಮ ಉಳಿಯುತ್ತದೆ.

ಅವಳ ಮನೆಯಲ್ಲೂ ಒಂದು ಗಿಡ ಹಚ್ಚಬೇಕೆಂದರೆ ಜಾಗವಿಲ್ಲ. ಹೊಸ ಮನೆ. ನಿವೇಶನದ ಅಂಚಿನಿಂದ ಅಂಚಿಗೆ ಕಟ್ಟಡ, ಉಳಿದ ಮೂರಡಿಗೆ ಟೈಲ್ಸು. ನಮ್ಮ ಮೂರೂ ಊರುಗಳಲ್ಲಿ ಈಗ ಹೀಗೆಯೇ ಕಟ್ಟುತ್ತಿದ್ದಾರೆ. ಹಳೆಯ ಮಣ್ಣಿನ ಮಾಳಿಗೆ ಸೋರುತ್ತದೆ, ವರ್ಷ ವರ್ಷ ಮೇಲ್ಮುದ್ದೆ ಹಾಕಬೇಕು, ಇಲಿ ಕೊರೆಯುತ್ತದೆ, ಎಲ್ಲ ನಿಜ. ಆರ್‌ಸಿಸಿ ಬೇಡವೆಂದು ಯಾರಿಗೂ ಹೇಳಲು ನನಗೆ ಹಕ್ಕಿಲ್ಲ. ಆದರೆ ಮನೆಯ ಜೊತೆಗೆ ಹಿತ್ತಲೂ ಹೋಗಬೇಕಿರಲಿಲ್ಲ. ಸಿಮೆಂಟು ಹಾಸಿದ ಅಂಗಳ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಮನೆಯೊಳಗೆ ಉಗುಳುತ್ತದೆ. ಆ ಸೆಕೆಗೆ ಮತ್ತೆ ಕೂಲರು ಕೊಳ್ಳುತ್ತೇವೆ.

ಮನೆ ಕಟ್ಟಿಸುವವರಲ್ಲಿ ನನ್ನದೊಂದು ಕೇಳಿಕೆ. ಮನೆಯ ಹಿಂದೆ, ಪಡುವಲ ಗೋಡೆಯ ಒಳಮಗ್ಗುಲಿಗೆ, ಆರಡಿ ಅಗಲದ ಮಣ್ಣು ಬಿಡಿ. ಅದರ ಮೇಲೆ ಟೈಲ್ಸು ಹಾಕಿಸಬೇಡಿ, ಮಾಳಿಗೆಯ ನೀರು ಅಲ್ಲಿಗೆ ಇಳಿಯುವಂತೆ ಪೈಪು ತಿರುಗಿಸಿ. ಮನೋರಂಜಿನಿಯ ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು, ಆದ್ದರಿಂದ ಬೀಜಕ್ಕೆ ಕಾಯದೆ ಗೂಟಿ ಕಟ್ಟುವುದು ಒಳ್ಳೆಯದು. ಮಿರಗದ ಮಳೆ ಬಿದ್ದ ಮೇಲೆ ಪೆನ್ಸಿಲ್ ದಪ್ಪದ ಟೊಂಗೆಯ ಸಿಪ್ಪೆಯನ್ನು ಉಂಗುರದಷ್ಟು ತೆಗೆದು, ಹಸಿ ತೆಂಗಿನ ನಾರಿನ ಪುಡಿ ಸುತ್ತಿ ಪ್ಲಾಸ್ಟಿಕ್ಕು ಕಟ್ಟಿದರೆ ದೀಪಾವಳಿಯ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ನಮ್ಮ ಗಿಡದಲ್ಲಿ ಪ್ರತಿ ವರ್ಷ ಕೆಲವು ಗೂಟಿ ಕಟ್ಟುತ್ತೇವೆ. ಮಣ್ಣು ಬಿಟ್ಟು ಮನೆ ಕಟ್ಟಿಸಿದ ಯಾರಿಗಾದರೂ ಅವನ್ನು ಕೊಡುತ್ತೇವೆ, ದುಡ್ಡು ಬೇಡ, ಬೇಸಿಗೆಯಲ್ಲಿ ನೀರು ಹಾಕುತ್ತೇವೆಂಬ ಮಾತು ಕೊಟ್ಟರೆ ಸಾಕು.